ಯಾರ ದುಡ್ಡು, ಯಾರ ದನಿ: ಆಫ್ರಿಕಾದ ಜನಪ್ರಿಯ ಹಾಡುಗಳಲ್ಲಿ ಹೆಣ್ಣು

ನೈಜೀರಿಯಾದ ರೆಮಾ ಹಾಡಿದ 'ಕಾಮ್ ಡೌನ್' 2022ರಲ್ಲಿ ಬಂತು. ರೀಲ್ಸ್ ನೋಡುವ ಕನ್ನಡಿಗರು ಯಾರೂ ಅದರಿಂದ ತಪ್ಪಿಸಿಕೊಂಡಿರಲಾರರು. ಧಾಟಿ ಹಿತವಾಗಿದೆ, ತಾಳ ಮೆತ್ತಗಿದೆ. ಮಾತು ಬಿಡಿಸಿ ನೋಡಿದರೆ ಒಳಗಿನ ಕಥೆ ಇಷ್ಟು: ಪಾರ್ಟಿಯಲ್ಲಿ ಹಳದಿ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ಅವನ ಕಣ್ಣಿಗೆ ಬೀಳುತ್ತಾಳೆ. ಉಳಿದ ಹುಡುಗಿಯರದು ಅತಿಯಾಯಿತು, ಇವಳು ಮಾತ್ರ ಸೌಮ್ಯ ಅನ್ನುತ್ತಾನೆ. ಮಾತಾಡಿಸಿದರೆ ಅವಳು ಬಗ್ಗುವುದಿಲ್ಲ. ಇವನು ಮೈಮುಟ್ಟುತ್ತಾನೆ, ಅವಳು ಅಷ್ಟಕ್ಕಷ್ಟೆ. ಅದಕ್ಕೆ ಇವನು ಕೊಡುವ ಕಾರಣ, ಗೆಳತಿಯರು ಅವಳಿಗೆ ಚೂಯಿಂಗ್ ಗಮ್‌ನಂತೆ ಅಂಟಿಕೊಂಡಿದ್ದಾರೆ ಎಂಬುದು. ಅವಳಿಗೇ ಇಷ್ಟವಿಲ್ಲದೆ ಇರಬಹುದು ಎಂಬ ಯೋಚನೆ ಹಾಡಿನಲ್ಲಿ ಎಲ್ಲಿಯೂ ಸುಳಿಯುವುದಿಲ್ಲ. ಅವಳು ಫ್ಯಾಂಟಾದಷ್ಟು ಸಿಹಿ ಎಂಬ ಹೊಗಳಿಕೆಯೂ ಇದೆ.

ಇಂಥ ಹಾಡು ಹಿಡಿದು ಆಫ್ರಿಕಾದ ಪಾಪ್ ಸಂಗೀತದಲ್ಲಿ ಹೆಣ್ಣಿನ ಚಿತ್ರ ಹೀಗೇ ಎಂದು ತೀರ್ಪು ಕೊಡುವುದು ಸುಲಭ. ಒಂದು ಕಡೆ ದೇವರಂಥ ತಾಯಿ, ಇನ್ನೊಂದು ಕಡೆ ಕಾಸು ಕೀಳುವ ಮಾಯಾಂಗನೆ, ನಡುವೆ ಕುಣಿಯುವ ಸೊಂಟ. ತೀರ್ಪು ಸುಳ್ಳಲ್ಲ, ಆದರೆ ಯಾವ ದೇಶದ ಸಿನಿಮಾ ಹಾಡಿಗೆ ಅಂಟಿಸಿದರೂ ಅಂಟುವ ತೀರ್ಪು ಅದು. ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಈ ಹಾಡುಗಳ ಒಳಗೆ ಇಳಿಯಲು ಎರಡು ಪ್ರಶ್ನೆಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಹಾಡಿನೊಳಗೆ ದುಡ್ಡು ಯಾರ ಕೈಯಲ್ಲಿದೆ? ಹೆಣ್ಣಿನ ಮಾತನ್ನು ಆಡುತ್ತಿರುವ ಬಾಯಿ ಯಾರದು?

ದುಡ್ಡಿನಿಂದಲೇ ಶುರುಮಾಡೋಣ. ಘಾನಾ, ನೈಜೀರಿಯಾ, ಕ್ಯಾಮರೂನ್ ಕಡೆ ಗಂಡ ಮನೆಖರ್ಚಿಗೆ ಹೆಂಡತಿಯ ಕೈಗೆ ಕೊಡುವ ಹಣಕ್ಕೆ 'ಚಾಪ್ ಮನಿ' ಅನ್ನುತ್ತಾರೆ. ಅದು ಸರಿಯಾಗಿ ಬರುತ್ತದೋ ಇಲ್ಲವೋ ಎಂಬುದು ಸಂಸಾರದ ಗೌರವದ ಪ್ರಶ್ನೆ, ಜಗಳದ ಮೂಲ, ಎಷ್ಟೋ ಹಾಡುಗಳ ಬೀಜ. ಅವಳಿ ಸಹೋದರರ ಪಿ-ಸ್ಕ್ವೇರ್ ತಂಡ 'ಚಾಪ್ ಮೈ ಮನಿ' ಎಂದು ಹಾಡಿದಾಗ ಆ ದಿನನಿತ್ಯದ ಹಣವೇ ಕ್ಲಬ್ಬಿನ ಠೇಂಕಾರವಾಗಿ ಬದಲಾಯಿತು. ನನ್ನ ದುಡ್ಡು ತಿಂದು ಮುಗಿಸು, ನನಗೇನೂ ಚಿಂತೆಯಿಲ್ಲ ಅನ್ನುತ್ತಾನೆ ಗಂಡು. 2014ರ 'ಆಯೆ'ಯಲ್ಲಿ ದಾವಿದೋ ಇದರ ತಿರುವುಮುರುವು ಹಾಡುತ್ತಾನೆ. ಇವಳಿಗೆ ಫೆರಾರಿ ಬೇಡ, ಡಿಸೈನರ್ ಬಟ್ಟೆ ಬೇಡ, ನನ್ನ ಪ್ರೀತಿ ಸಾಕಂತೆ. ಕೇಳಲು ಮುದ್ದಾಗಿದೆ. ಆದರೆ ಎರಡೂ ಹಾಡುಗಳ ತಕ್ಕಡಿ ಒಂದೇ: ಗಂಡಿನ ತೂಕ ಅವನು ಎಷ್ಟು ಕೊಡುತ್ತಾನೆ ಎಂಬುದರಲ್ಲಿ, ಹೆಣ್ಣಿನ ತೂಕ ಅವಳು ಎಷ್ಟು ಕೇಳುತ್ತಾಳೆ ಎಂಬುದರಲ್ಲಿ. ಏನನ್ನೂ ಕೇಳದವಳೇ ಒಳ್ಳೆಯವಳು.

ಈ ತಕ್ಕಡಿಯ ತುತ್ತತುದಿಯಲ್ಲಿ ತಾಯಿ ಕೂತಿದ್ದಾಳೆ. 1976ರಲ್ಲಿ ಪ್ರಿನ್ಸ್ ನಿಕೊ ಎಂಬಾರ್ಗಾ ಮತ್ತು ರೊಕಾಫಿಲ್ ಜಾಝ್ ತಂಡದಿಂದ ಬಂದ 'ಸ್ವೀಟ್ ಮದರ್' ಪಶ್ಚಿಮ ಆಫ್ರಿಕಾದ ಉದ್ದಗಲಕ್ಕೂ ಇವತ್ತಿಗೂ ಮದುವೆ, ನಾಮಕರಣ, ಶವಸಂಸ್ಕಾರ ಎಲ್ಲದರಲ್ಲೂ ಮೊಳಗುತ್ತದೆ. ನಾನು ನಿದ್ದೆ ಮಾಡದಿದ್ದರೆ ಅಮ್ಮನಿಗೆ ನಿದ್ದೆಯಿಲ್ಲ, ನಾನು ಉಣ್ಣದಿದ್ದರೆ ಅಮ್ಮ ಉಣ್ಣುವುದಿಲ್ಲ, ನನಗಾಗಿ ಪಟ್ಟ ಪಾಡನ್ನು ಮರೆಯಲಾರೆ. ಬೇರೆ ಬೇರೆ ನುಡಿಯವರು ಬೆರೆತು ಆಡುವ ಪಿಜಿನ್ ಇಂಗ್ಲಿಷಿನಲ್ಲಿ ಇದ್ದುದರಿಂದ ಯಾವುದೋ ಒಂದು ಬುಡಕಟ್ಟಿನ ಸ್ವತ್ತಾಗಿ ಉಳಿಯದೆ ಎಲ್ಲರದೂ ಆಯಿತು. ಹಾಡು ಚೆನ್ನಾಗಿದೆ, ಗಿಟಾರ್ ಇನ್ನೂ ಚೆನ್ನಾಗಿದೆ. ಆ ತಾಯಿಗೆ ಮಾತ್ರ ಹಾಡಿನ ಉದ್ದಕ್ಕೂ ತನ್ನದೆಂಬ ಒಂದು ಬಯಕೆಯೂ ಇಲ್ಲ.

ಇನ್ನು ಫೆಲಾ. ಹೆಣ್ಣಿನ ಬಗ್ಗೆ ಆಫ್ರಿಕಾದ ಹಾಡುಗಳಲ್ಲಿ ಅತಿ ಹೆಚ್ಚು ವಾದಕ್ಕೆ ಸಿಕ್ಕಿದ್ದು ಬಹುಶಃ ನೈಜೀರಿಯಾದ ಗಾಯಕ ಫೆಲಾ ಕುಟಿಯ 1972ರ 'ಲೇಡಿ'. ಸುಮಾರು ಹದಿನಾಲ್ಕು ನಿಮಿಷದ ಹಾಡು. ಮೊದಲ ಹಲವು ನಿಮಿಷ ಬರಿಯ ವಾದ್ಯ, ಮಾತು ಬರುವಷ್ಟರಲ್ಲಿ ಕಾಲು ಆಗಲೇ ಕುಣಿಯುತ್ತಿರುತ್ತದೆ. ಆಮೇಲೆ ದೂರುಪಟ್ಟಿ ಶುರುವಾಗುತ್ತದೆ. 'ಹೆಂಗಸು' ಎಂದು ಕರೆದರೆ ಇವಳು ಒಪ್ಪುವುದಿಲ್ಲ, ನಾನು ಲೇಡಿ ಅನ್ನುತ್ತಾಳೆ. ಗಂಡಸಿಗೆ ಸಮ ಅನ್ನುತ್ತಾಳೆ. ಗಂಡಸಿನ ಕೈಯಲ್ಲಿ ತಟ್ಟೆ ತೊಳೆಸುತ್ತಾಳೆ. ಎಲ್ಲರಿಗಿಂತ ಮೊದಲು ಊಟದ ಮೇಜಿಗೆ ಕೂರುತ್ತಾಳೆ, ಎಲ್ಲರಿಗಿಂತ ಮೊದಲು ಮಾಂಸದ ತುಂಡಿಗೆ ಕೈಹಾಕುತ್ತಾಳೆ. ಅಸಲಿ ಆಫ್ರಿಕನ್ ಹೆಂಗಸಾದರೋ ಗಂಡನೇ ಯಜಮಾನ ಎಂದು ಬಲ್ಲವಳು, ಅಡುಗೆ ಮಾಡಿ ಬಡಿಸುವವಳು, ಹೇಳಿದ್ದು ಕೇಳುವವಳು.

ಫೆಲಾನ ವಾದದ ಬೆನ್ನೆಲುಬು ವಸಾಹತು ವಿರೋಧ. ಸಮಾನತೆ ಕೇಳುವ ಹೆಣ್ಣು ಬಿಳಿಯರ ನಕಲು ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪು ಎನ್ನುವುದಕ್ಕೆ ಅವನ ಸ್ವಂತ ಮನೆಯೇ ಸಾಕ್ಷಿ. ಅವನ ತಾಯಿ ಫುನ್ಮಿಲಾಯೊ ರಾನ್ಸಮ್-ಕುಟಿ ನೈಜೀರಿಯಾದ ಅಬೆಯೊಕುಟಾ ಪಟ್ಟಣದ ಮಾರುಕಟ್ಟೆ ಹೆಂಗಸರನ್ನು ಸಂಘಟಿಸಿ ತೆರಿಗೆಯ ವಿರುದ್ಧ ಬೀದಿಗಿಳಿಸಿದವರು. ಬ್ರಿಟಿಷರ ಏರ್ಪಾಡಿನಲ್ಲಿ ಅಲ್ಲಿನ ಹೆಂಗಸರ ಮೇಲೆ ಪ್ರತ್ಯೇಕ ತೆರಿಗೆಯಿತ್ತು, ಹೆಣ್ಣುಮಕ್ಕಳು ಹುಡುಗರಿಗಿಂತ ಚಿಕ್ಕ ವಯಸ್ಸಿಗೇ ಕಟ್ಟಬೇಕಿತ್ತು. 1940ರ ದಶಕದ ಕೊನೆಯಲ್ಲಿ ಸಾವಿರಾರು ಹೆಂಗಸರು ಅರಮನೆಯ ಮುಂದೆ ಕೂತರು. 1949ರ ಜನವರಿಯಲ್ಲಿ ಅಲ್ಲಿನ ದೊರೆ ಅಲಾಕೆ ಗದ್ದುಗೆ ಬಿಟ್ಟು ಹೋಗಬೇಕಾಯಿತು. ಆ ಭಾಗದ ಯೊರುಬಾ ಜನಾಂಗದ ಹೆಂಗಸರಿಗೆ ಸ್ವಂತ ವ್ಯಾಪಾರ, ಸ್ವಂತ ಗಂಟು ಇರುವುದು ಹಳೆಯ ರೂಢಿ. ಅದಕ್ಕೆ ಕೈಹಾಕಿದ್ದೇ ವಸಾಹತು ಆಡಳಿತ. ಗಂಡನ ಮಾತಿಗೆ ತಲೆಯಾಡಿಸಿಕೊಂಡು ಒಲೆಯ ಮುಂದೆ ಕೂತ 'ಅಸಲಿ ಆಫ್ರಿಕನ್ ಹೆಂಗಸು' ಅಬೆಯೊಕುಟಾದ ಸಂತೆಗಿಂತ ಇಂಗ್ಲಿಷ್ ಮಿಷನರಿಗಳ ಗೃಹಿಣಿ ಪಾಠಕ್ಕೆ ಹತ್ತಿರ.

ಆದರೂ ಹಾಡನ್ನು ಕಾಗದದ ಮೇಲೆ ಓದಿದರೆ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಫೆಲಾ ದೂರುತ್ತಾ ಹೋದಂತೆ ಉತ್ತರ ಕೊಡುವ ಮೇಳದಲ್ಲಿ ಇರುವವರು ಹೆಂಗಸರು. ನಾನು ಲೇಡಿ ಎಂಬ ಸಾಲು ಹೆಣ್ಣುದನಿಯಲ್ಲಿ ಗತ್ತಿನಿಂದ ಮರಳಿ ಮರಳಿ ಬರುತ್ತದೆ. ನೃತ್ಯದ ಅಂಗಳದಲ್ಲಿ ಅಣಕ ಯಾವುದು, ಘೋಷಣೆ ಯಾವುದು ಎಂದು ಯಾರೂ ಬೇರ್ಪಡಿಸಿ ಕೇಳುವುದಿಲ್ಲ. ಆ ಒಂದು ಸಾಲಿಗಾಗಿಯೇ ಇದನ್ನು ತಮ್ಮ ಹಾಡು ಎಂದುಕೊಂಡ ಹೆಂಗಸರಿದ್ದಾರೆ. ಇದರಿಂದ ಫೆಲಾ ಪಾರಾಗುತ್ತಾನೆ ಎಂದಲ್ಲ. ಹೆಣ್ಣನ್ನು ಹಾಸಿಗೆಗೆ ಹೋಲಿಸಿ ಇನ್ನೂ ಒಂದು ಹಾಡು ಮಾಡಿದವನು ಅವನು. 1978ರಲ್ಲಿ ಒಂದೇ ದಿನ 27 ಹೆಂಗಸರನ್ನು ಮದುವೆಯಾದವನೂ ಅವನೇ, ಅವರಲ್ಲಿ ಹೆಚ್ಚಿನವರು ಅವನ ತಂಡದ ಹಾಡುಗಾರ್ತಿಯರು, ನರ್ತಕಿಯರು. ಹಿಂದಿನ ವರ್ಷ ಸೈನಿಕರು ಅವನ ಮನೆಗೆ ನುಗ್ಗಿದಾಗ ಏಟು, ಅತ್ಯಾಚಾರ ಉಂಡವರು ಆ ಮನೆಯ ಹೆಂಗಸರು. ಕಿಟಕಿಯಿಂದ ಹೊರಕ್ಕೆ ಎಸೆಯಲ್ಪಟ್ಟ ತಾಯಿ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಕಾಂಗೊಗೆ ಬಂದರೆ ದುಡ್ಡು ಮತ್ತು ದನಿ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬೆಲ್ಜಿಯನ್ ಕಾಂಗೊದ ಪಟ್ಟಣಗಳಲ್ಲಿ ಗಂಡಸಿನ ಆಸರೆಯಿಲ್ಲದೆ ಬದುಕುವ ಹೆಂಗಸಿಗೆ ಸರ್ಕಾರ ಒಂದು ವಿಚಿತ್ರ ವರ್ಗ ಮಾಡಿತ್ತು: 'ತಾತ್ತ್ವಿಕವಾಗಿ ಒಂಟಿಯಾಗಿ ಬದುಕುವ ಹೆಂಗಸರು'. ಅವರು ತೆರಿಗೆ ಕಟ್ಟಬೇಕಿತ್ತು. ವ್ಯಾಪಾರಿ, ದರ್ಜಿ, ವಿಧವೆ, ವೇಶ್ಯೆ ಎಲ್ಲರೂ ಒಂದೇ ಪಟ್ಟಿಯಲ್ಲಿ. ಇದೇ ಒಂಟಿ ಹೆಂಗಸರು 1950ರ ದಶಕದಲ್ಲಿ ಇಂದಿನ ರಾಜಧಾನಿ ಕಿನ್ಶಾಸಾದ ಬಾರುಗಳಲ್ಲಿ ರುಂಬಾ ಎಂಬ ಕುಣಿತದ ಸಂಗೀತದ ಪೋಷಕರಾದರು. ಚೀಟಿ ಹಾಕಿಕೊಂಡು, ಒಂದೇ ಬಗೆಯ ಬಟ್ಟೆ ಹೊಲಿಸಿಕೊಂಡು ಸಂಘ ಕಟ್ಟಿದರು. ಅಂಥ ಸಂಘಕ್ಕೆ 'ಮೊಝಿಕಿ' ಎಂದು ಹೆಸರು. ಬ್ಯಾಂಡಿಗೆ ಕಾಸು ಕೊಟ್ಟು ತಮ್ಮ ಸಂಘದ ಹೊಗಳಿಕೆ ಹಾಡಿಸಿದ್ದೂ ಉಂಟು. ಹಾಡಿನ ನಡುವೆ ಹೆಸರು ಕೂಗಿಸಲು ಹಣ ತೆರುವ ಈ ಪದ್ಧತಿ ಮುಂದೆ 'ಲಿಬಂಗಾ' ಎಂಬ ದೊಡ್ಡ ಉದ್ಯಮವಾಯಿತು. ಇವತ್ತಿನ ಒಂದೊಂದು ಕಾಂಗೊ ಹಾಡಿನಲ್ಲಿ ಡಜನ್‌ಗಟ್ಟಲೆ ಹೆಸರು ಕೇಳಿಸುತ್ತವೆ, ರಾಜಕಾರಣಿ, ವ್ಯಾಪಾರಿ, ಪ್ಯಾರಿಸ್ಸಿನಲ್ಲಿರುವ ನೆಂಟ. ಹಾಗಾಗಿ ಕಾಂಗೊ ಹಾಡಿನಲ್ಲಿ ಹೆಂಗಸೊಬ್ಬಳ ಹೆಸರು ಬಂತೆಂದರೆ ಅದು ಕವಿಯ ಪ್ರೇಯಸಿ ಎಂದು ಕಣ್ಣುಮುಚ್ಚಿ ನಂಬಬಾರದು. ಅವಳೇ ಗಿರಾಕಿ ಇದ್ದರೂ ಇರಬಹುದು.

ದನಿಯ ವಿಷಯ ಇನ್ನೂ ಸ್ವಾರಸ್ಯ. ರುಂಬಾದಲ್ಲಿ ಗಂಡ ಬಿಟ್ಟುಹೋದ, ಪ್ರಿಯತಮ ಮೋಸ ಮಾಡಿದ, ಸವತಿ ಬಂದ ಹೆಣ್ಣಿನ ಅಳಲನ್ನು ಗಂಡಸರೇ 'ನಾನು' ಎಂದು ಹಾಡಿಕೊಂಡು ಬಂದಿದ್ದಾರೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇಲ್ಲಿ ವೇಷವಿಲ್ಲ, ಬರಿಯ ಕಂಠ. 1956ರಲ್ಲಿ ಹುಟ್ಟಿದ ಓಕೆ ಜಾಝ್ ತಂಡದ ಫ್ರಾಂಕೊ ಇದರಲ್ಲಿ ಪಳಗಿದವನು. 1984ರ 'ಮಾಮು'ವಿನಲ್ಲಿ ಗಂಡ ಯುರೋಪಿನಲ್ಲಿ, ಹೆಂಡತಿ ಕಿನ್ಶಾಸಾದಲ್ಲಿ. ಅವಳ ನಡತೆಯ ಬಗ್ಗೆ ಇಬ್ಬರು ಗೆಳತಿಯರ ಜಗಳ. ಜಗಳವಾಡುವ ಎರಡೂ ದನಿ ಗಂಡಸರದು, ಒಂದು ಫ್ರಾಂಕೊನದು, ಇನ್ನೊಂದು ಅದೇ ತಂಡದ ಗಾಯಕ ಮದಿಲು ಸಿಸ್ಟಮ್‌ನದು. ಫ್ರಾಂಕೊ ಅಲ್ಲಿ ಹಾಡುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಾನೆ, ಬೈಯುತ್ತಾನೆ, ಕೊಂಕು ತೆಗೆಯುತ್ತಾನೆ. ಸಾಹಿತ್ಯ ಬರೆದುಕೊಳ್ಳುವವರು ಈ ಆಡುಮಾತನ್ನು ಬಿಟ್ಟು ಪಲ್ಲವಿ ಚರಣ ಮಾತ್ರ ಇಳಿಸಿಕೊಂಡರೆ ಹಾಡಿನ ಅರ್ಧ ಜೀವವೇ ಹೋಗುತ್ತದೆ, ಉಳಿಯುವುದು ಹಾದರದ ಹೆಣ್ಣಿನ ಒಂದು ಸಪ್ಪೆ ಕಥೆ.

ಮರುವರ್ಷದ 'ಮಾರಿಯೊ' ತಕ್ಕಡಿಯನ್ನೇ ತಲೆಕೆಳಗು ಮಾಡಿತು. ದುಡ್ಡು ಈ ಸಲ ಹೆಣ್ಣಿನದು. ವಯಸ್ಸಾದ, ಅನುಕೂಲಸ್ಥ ಹೆಂಗಸು. ಅವಳ ಹಣದಲ್ಲಿ ಬದುಕುವ, ಐದು ಡಿಪ್ಲೊಮಾ ಹೊತ್ತ ಎಳೆ ಹುಡುಗ. ಇಷ್ಟು ಓದಿದ್ದೀಯ, ಹೋಗಿ ಕೆಲಸ ಹುಡುಕು, ನನಗೆ ಸಾಕಾಗಿದೆ ಎಂದು ಅವಳು ಗೋಗರೆಯುತ್ತಾಳೆ, ಗದರುತ್ತಾಳೆ. ಹಾಡು ಎಷ್ಟು ಹರಡಿತೆಂದರೆ ಹೆಂಗಸಿನ ಸಂಪಾದನೆಯಲ್ಲಿ ಮೆರೆಯುವ ಗಂಡಸಿಗೆ ಮಾರಿಯೊ ಎಂಬ ಅಡ್ಡಹೆಸರೇ ನಿಂತಿತು. ಹಣ ಇರುವ ಹೆಣ್ಣನ್ನು ಮಾಟಗಾತಿ ಮಾಡದೆ, ಗೇಲಿಗೂ ಇಳಿಸದೆ, ದಣಿದ ಮನುಷ್ಯಳನ್ನಾಗಿ ತೋರಿಸಿದ್ದರಿಂದ ಇದು ನನಗೆ ಫ್ರಾಂಕೊನ ಅತ್ಯುತ್ತಮ ಹಾಡು. ಹೆಣ್ಣಿನ ಬಗ್ಗೆ ಅಶ್ಲೀಲ ಹಾಡು ಕಟ್ಟಿ ಕ್ಯಾಸೆಟ್ಟಿನಲ್ಲಿ ಹಂಚಿದ್ದಕ್ಕೆ 1978ರಲ್ಲಿ ಜೈಲು ಕಂಡವನೂ ಇದೇ ಫ್ರಾಂಕೊ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಹೆಂಗಸರೇ ಹಾಡಿದರೆ ಎಲ್ಲ ಸರಿಹೋಗುತ್ತದೆಯೇ? ಎಂಬಿಲಿಯಾ ಬೆಲ್ 1980ರ ದಶಕದಲ್ಲಿ ಆಫ್ರಿಕಾದ ಬಹುಭಾಗವನ್ನು ಕುಣಿಸಿದ ಕಾಂಗೊ ಗಾಯಕಿ. ಅವರ ಮೊದಲ ದೊಡ್ಡ ಹಾಡು 'ಎಂಪೆವೆ ಯಾ ಲೊಂಗೊ', ಗಂಡ ಕೈಬಿಟ್ಟ ಮೇಲೆ ಮಕ್ಕಳನ್ನು ಒಬ್ಬಳೇ ಸಾಕುವ ಹೆಣ್ಣಿನದು. ಕೇಳಿದವರು ಇದು ಹೆಣ್ಣಿನ ಒಡಲ ಮಾತು ಅಂದುಕೊಂಡರು. ಆದರೆ ಆ ಕಾಲದ ಅವರ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದದ್ದು ತಂಡದ ಯಜಮಾನ, ಮುಂದೆ ಅವರ ಗಂಡನೂ ಆದ ತಬು ಲೇ. ದಕ್ಷಿಣ ಆಫ್ರಿಕಾದ ಬ್ರೆಂಡಾ ಫಾಸಿಯ 1983ರ 'ವೀಕೆಂಡ್ ಸ್ಪೆಷಲ್' ಕೂಡ ಹಾಗೇ. ವಾರವೆಲ್ಲ ಫೋನಿಲ್ಲ, ಪತ್ತೆಯಿಲ್ಲ, ಶುಕ್ರವಾರ ರಾತ್ರಿ ಮಾತ್ರ ನಾನು ಸಿದ್ಧಳಾಗಿ ಕೂತಿರಬೇಕು, ನಾನು ನಿನ್ನ ವಾರಾಂತ್ಯದ ಸರಕಲ್ಲ ಅನ್ನುತ್ತಾಳೆ ಹುಡುಗಿ. ಬರೆದವರು ಮೆಲ್ವಿನ್ ಮ್ಯಾಥ್ಯೂಸ್ ಎಂಬ ಗಂಡಸು. ಬ್ರೆಂಡಾಳ ಕಂಠದ ಸೊಕ್ಕಿಗೆ ಸಿಕ್ಕ ಮೇಲೆ ಆ ಸಾಲು ಬರೆದವನ ಕೈಬಿಟ್ಟು ಹೋಯಿತು. ರೆಕಾರ್ಡಿನ ಲೇಬಲ್ ಮೇಲೆ ಯಾರ ಹೆಸರಿದೆ ಎಂದು ನೋಡಬೇಕು, ಆದರೆ ಅಷ್ಟಕ್ಕೇ ಹಾಡಿನ ಹಣೆಬರಹ ತೀರ್ಮಾನವಾಗುವುದಿಲ್ಲ.

ಕಾಂಗೊ ಹಾಡು ಕೇಳುವಾಗ ಇನ್ನೊಂದು ಎಚ್ಚರ ಬೇಕು. ಅದಕ್ಕೆ ಎರಡು ಭಾಗ. ಮೊದಲ ಭಾಗ ನಿಧಾನ, ಕಥೆ ಇರುವುದು ಅಲ್ಲಿ. ನಂತರ ತಾಳ ಬಿಗಿಯಾಗಿ ಗಿಟಾರುಗಳು ಓಡಲು ಶುರುವಾಗುವ 'ಸೆಬೆನ್' ಬರುತ್ತದೆ. 1980ರ ದಶಕದಿಂದೀಚೆಗೆ 'ಅಟಲಾಕು' ಎಂಬ ಕೂಗುಗಾರ ಅಲ್ಲಿ ನೃತ್ಯದ ಹೆಜ್ಜೆಗಳನ್ನು ಕೂಗಿ ಹೇಳುತ್ತಾನೆ. ಮೊದಲ ಭಾಗದಲ್ಲಿ ಕಣ್ಣೀರಿಡುವ ಹೆಣ್ಣು ಎರಡನೆಯದರಲ್ಲಿ ಸೊಂಟ ಮಾತ್ರ. ವಿಡಿಯೊ ಬಂದ ಮೇಲೆ ಜನರ ಕಣ್ಣಿಗೆ ಬೀಳುವುದೂ ಅದೇ. ಬರಿಯ ಸೆಬೆನ್ ತುಣುಕು ನೋಡಿ ಬೈಯುವವರು, ಬರಿಯ ಸಾಹಿತ್ಯ ಓದಿ ಹೊಗಳುವವರು ಇಬ್ಬರೂ ಅರ್ಧ ಹಾಡನ್ನಷ್ಟೇ ಕಂಡಿರುತ್ತಾರೆ.

ಪೂರ್ವ ಕರಾವಳಿಯ ಸ್ವಾಹಿಲಿ ತಾರಬ್ ಸಂಗೀತದ ಕಥೆ ಬೇರೆ, ಅದರಲ್ಲಿ ನಮ್ಮ ಕಡೆಯ ಒಂದು ಎಳೆಯೂ ಇದೆ. ಜಾಂಜಿಬಾರ್ ದ್ವೀಪದ ಫುಂಬಾ ಎಂಬ ಹಳ್ಳಿಯ ಬಡವರ ಮನೆಯಲ್ಲಿ ಹುಟ್ಟಿದ, ಮಡಕೆ ಮಾರಿ ಬದುಕಿದ ಸಿತಿ ಬಿಂತಿ ಸಾದ್ 1928ರಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಲು ಹಡಗು ಹತ್ತಿ ಬಂದದ್ದು ಮುಂಬೈಗೆ. ಅರಮನೆಯಲ್ಲಿ ಅರಬ್ಬಿಯಲ್ಲಿ ನಡೆಯುತ್ತಿದ್ದ ತಾರಬ್ಬನ್ನು ಸ್ವಾಹಿಲಿಗೆ, ಬೀದಿಯ ಸುದ್ದಿಗೆ ಇಳಿಸಿದವರು ಆಕೆ. 78 ವೇಗದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಬೆಳೆಯುವ ಹಾಡನ್ನು ಅಷ್ಟಕ್ಕೆ ಕತ್ತರಿಸಬೇಕು, ಹಾಗಾಗಿ ತಟ್ಟೆಯಲ್ಲಿ ಉಳಿದದ್ದು ಪೂರ್ತಿ ಹಾಡಲ್ಲ. ಅವರ 'ಕಿಜಿತಿ' ಒಬ್ಬ ಕೊಲೆಗಡುಕನ ಹೆಸರಿನ ಹಾಡು. ಜಾಂಜಿಬಾರಿಗೆ ಬಂದಿದ್ದ ಗರ್ಭಿಣಿಯೊಬ್ಬಳನ್ನು ಅವನು ಕೆಡಿಸಿ ಕೊಂದು ಮುಖ್ಯಭೂಮಿಗೆ ಪರಾರಿಯಾದ. ಕಟಕಟೆಯಲ್ಲಿ ನಿಂತು ಶಿಕ್ಷೆ ಉಂಡವರು ಅವಳ ಜೊತೆಗಿದ್ದ ಹೆಂಗಸರು. ವಸಾಹತು ನ್ಯಾಯಾಲಯದ ಈ ನ್ಯಾಯವನ್ನು ಸಿತಿ ಊರೆಲ್ಲ ಕೇಳುವಂತೆ ಹಾಡಿದರು. ಹೆಣ್ಣಿನ ಚಿತ್ರಣ ಈಚೆಗಷ್ಟೇ ಸುಧಾರಿಸಿದೆ ಎಂದು ವಾದಿಸುವವರಿಗೆ ಈ ಹಾಡನ್ನು ಕೇಳಿಸಬೇಕು.

ತಾರಬ್ಬಿನ ಇನ್ನೊಂದು ಮುಖ 'ಮಿಪಾಶೊ', ಅಂದರೆ ಚುಚ್ಚುಮಾತಿನ ಹಾಡು. 1990ರ ದಶಕದಲ್ಲಿ ಟಾಂಜಾನಿಯಾದ ದಾರೆಸ್ಸಲಾಮಿನ ಎರಡು ತಂಡಗಳ ಪೈಪೋಟಿಯಲ್ಲಿ ಇದು ಉರಿದೆದ್ದಿತು. ಖದೀಜಾ ಕೋಪಾ ಅದರ ರಾಣಿ. ಸಾಹಿತ್ಯವನ್ನಷ್ಟೇ ನೋಡಿದರೆ ಹೆಂಗಸರೇ ಹೆಂಗಸರನ್ನು ಹೀಯಾಳಿಸುವ ಮಾತುಗಳು: ಗಂಡನನ್ನು ಕದ್ದವಳು, ಹೊಟ್ಟೆಕಿಚ್ಚಿನ ನೆರೆಯವಳು, ಬಾಯಿಬಡುಕಿ. ಆದರೆ ಸಭೆಯಲ್ಲಿ ನಡೆಯುವುದನ್ನು ಗಮನಿಸಬೇಕು. ಹಾಡು ನಡೆಯುತ್ತಿರುವಾಗ ಕೇಳುಗ ಹೆಂಗಸೊಬ್ಬಳು ನೋಟು ಎತ್ತಿ ಹಿಡಿದು, ಕುಣಿಯುತ್ತ ವೇದಿಕೆಗೆ ಹೋಗಿ ಗಾಯಕಿಗೆ ಮುಯ್ಯಿ ಕೊಡುತ್ತಾಳೆ. ಯಾವ ಸಾಲಿಗೆ ಎದ್ದಳು, ದಾರಿಯಲ್ಲಿ ಯಾರ ಮುಂದೆ ಒಂದು ಗಳಿಗೆ ನಿಂತಳು, ಯಾರ ಕಡೆ ಕೈ ಬೀಸಿದಳು, ಎಲ್ಲರೂ ನೋಡುತ್ತಿರುತ್ತಾರೆ. ಆ ಕ್ಷಣಕ್ಕೆ ಸಾಲು ಅವಳದಾಗುತ್ತದೆ. ಅವಳು ಬಾಯಿಬಿಟ್ಟು ಏನೂ ಅಂದಿಲ್ಲವಾದ್ದರಿಂದ ಜಗಳಕ್ಕೆ ಸಾಕ್ಷಿಯೂ ಇಲ್ಲ. ಅಲ್ಲಿನ ಹೆಂಗಸರು ಉಡುವ ಕಾಂಗಾ ಬಟ್ಟೆಯ ಅಂಚಿನ ಮೇಲೆ ಗಾದೆಯೊಂದು ಅಚ್ಚಾಗಿರುತ್ತದೆ, ಸರಿಯಾದ ದಿನ ಸರಿಯಾದ ಗಾದೆ ಉಟ್ಟು ಸವತಿಯ ಮನೆ ಮುಂದೆ ಹಾದುಹೋದರೆ ಸಾಕು. ಮಿಪಾಶೊ ಅದೇ ಜಾಣತನಕ್ಕೆ ದನಿ ಕೊಟ್ಟ ರೂಪ. ಈ ಹಾಡುಗಳು ಹೆಣ್ಣನ್ನು ಅವಮಾನಿಸುತ್ತವೆ ಎಂದು ಬರೆಯುವವರಲ್ಲಿ ಹೆಚ್ಚಿನವರು ನೋಟಿನ ಓಡಾಟ ನೋಡಿರುವುದಿಲ್ಲ.

ಜಿಂಬಾಬ್ವೆಯ ಆಲಿವರ್ ಮ್ತುಕುಡ್ಜಿಯ 'ನೆರಿಯಾ'ದಲ್ಲಿ ದುಡ್ಡು ಆಸ್ತಿಯ ರೂಪದಲ್ಲಿ ಬರುತ್ತದೆ. 1990ರ ದಶಕದ ಆರಂಭದ ಅದೇ ಹೆಸರಿನ ಚಿತ್ರಕ್ಕೆ ಮಾಡಿದ ಹಾಡು. ಗಂಡ ಸತ್ತ ಮೇಲೆ ಮೈದುನ ಬಂದು ಮನೆಮಾರು ಬಾಚಿಕೊಳ್ಳುತ್ತಾನೆ. ಹಾಡು ಹೇಳುವುದು: ಎದೆಗುಂದಬೇಡ ನೆರಿಯಾ, ದೇವರು ನಿನ್ನ ಜೊತೆಗಿದ್ದಾನೆ. ಚಿತ್ರ ಮಾತ್ರ ಅವಳನ್ನು ಕೋರ್ಟಿಗೆ ಕಳಿಸುತ್ತದೆ. 1982ರ ಕಾಯ್ದೆಯಿಂದ 18 ತುಂಬಿದ ಹೆಣ್ಣು ಅಲ್ಲಿ ಕಾನೂನಿನ ಕಣ್ಣಿಗೆ ವಯಸ್ಕಳಾಗಿದ್ದಳು, ಊರಿನ ಕಣ್ಣಿಗೆ ಇನ್ನೂ ಆಗಿರಲಿಲ್ಲ. ಊರೂರು ಹಾಡಿಕೊಂಡದ್ದು ಸಮಾಧಾನದ ಸಾಲನ್ನು, ಕೋರ್ಟಿನ ದಾರಿಯನ್ನಲ್ಲ.

ಕೊನೆಗೆ ತೆರ. ಮದುವೆಗೆ ಗಂಡಿನ ಕಡೆಯವರು ತೆರುವ ಹಣ, ದನ, ವಸ್ತು. ಸ್ವಾಹಿಲಿಯ 'ಮಲೈಕಾ'ದಲ್ಲಿ ಹುಡುಗ ಹಾಡುತ್ತಾನೆ: ನಿನ್ನನ್ನು ಮದುವೆಯಾಗುತ್ತಿದ್ದೆ ದೇವತೆಯೇ, ಕೈಯಲ್ಲಿ ಕಾಸಿಲ್ಲ, ಏನು ಮಾಡಲಿ. ಅಲ್ಲಿ ತೆರ ಎಂದರೆ ಗಂಡಿನ ಕಷ್ಟ. ಮಾಲಿ ದೇಶದ ಊಮು ಸಂಗಾರೆಯ 1996ರ 'ವೊರೊತಾನ್'ನಲ್ಲಿ ಅದೇ ತೆರ ಹೆಣ್ಣಿನ ಕಡೆಯಿಂದ ಕಾಣುತ್ತದೆ. ವೊರೊತಾನ್ ಅಂದರೆ ಹತ್ತು ಕೋಲಾ ಕಾಯಿ, ಹೆಣ್ಣು ಕೇಳಲು ಬರುವವರು ತರುವ ಕಾಣಿಕೆ. ಇಷ್ಟು ಕೊಟ್ಟು ಒಯ್ದವಳು ಅತ್ತೆಮನೆಯ ಆಳಾಗಿ ಸವೆಯಬೇಕೇ ಎಂದು ಊಮು ಕೇಳುತ್ತಾರೆ.

ಇಷ್ಟು ನೇರವಾಗಿ ಕೇಳಲು ಅವರಿಗೆ ಸಾಧ್ಯವಾದದ್ದರ ಹಿಂದೆಯೂ ಕಾಸಿನ ಲೆಕ್ಕ ಇದೆ. ಮಾಲಿಯ ಜೇಲಿಗಳು, ಅಂದರೆ ವಂಶಪಾರಂಪರ್ಯ ಹೊಗಳುಗಾರರು, ಯಾರ ಮನೆಯ ಉಣ್ಣುತ್ತಾರೋ ಅವರ ಕುಲ ಕೊಂಡಾಡಬೇಕು. ದಕ್ಷಿಣದ ವಾಸುಲು ಪ್ರದೇಶದ ಹಾಡುಗಾರ್ತಿಯರು ಆ ಕುಲದವರಲ್ಲ. ಅವರನ್ನು 'ಕೊನೊ', ಹಕ್ಕಿ, ಎನ್ನುತ್ತಾರೆ. ಅವರಿಗೆ ಕಟ್ಟುಬಿದ್ದ ಧಣಿಯಿಲ್ಲ. ಜೊತೆಗೆ ನುಡಿಯುವ ಆರು ತಂತಿಯ ಕಮಲೆ ಎನ್ಗೊನಿ ಹರೆಯದವರ ವಾದ್ಯ, ಬೇಟೆಗಾರರ ಗಂಭೀರ ವಾದ್ಯದಿಂದ ಹುಟ್ಟಿದ್ದು. ತಂದೆ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಮನೆಯಲ್ಲಿ ಬೆಳೆದ ಊಮು, 1989ರಲ್ಲಿ 21ನೇ ವಯಸ್ಸಿಗೆ ನೆರೆಯ ಐವರಿ ಕೋಸ್ಟಿನ ಆಬಿಜಾನಿನಲ್ಲಿ ತಮ್ಮ ಮೊದಲ ಕ್ಯಾಸೆಟ್ 'ಮುಸೊಲು' ಮಾಡಿದರು. ಅದರಲ್ಲಿ 'ಜಾರಬಿ ನೆನೆ' ಎಂಬ ಹಾಡಿದೆ, ಪ್ರೀತಿಯ ನಡುಕ ಮೈಯಲ್ಲಿ ಏಳುವ ಬಗೆ. ಹೆಣ್ಣೊಬ್ಬಳು ತನ್ನ ಬಯಕೆಯನ್ನು ತಾನೇ ಹಾಡಿದ್ದು ಹಿರಿಯರಿಗೆ ಇರುಸುಮುರುಸಾಯಿತು, ಕ್ಯಾಸೆಟ್ ಮಾತ್ರ ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು ಎನ್ನುತ್ತಾರೆ. 2019ರಲ್ಲಿ ಬಿಯಾನ್ಸೆ ತನ್ನ 'ಮೂಡ್ ಫಾರ್ ಎವಾ'ದಲ್ಲಿ ಅದೇ ಹಾಡಿನ ತುಣುಕು ಬಳಸಿದಳು. ಅಷ್ಟರಲ್ಲಿ ಊಮು ಬಮಾಕೊದಲ್ಲಿ ಸ್ವಂತ ಹೋಟೆಲ್ ಕಟ್ಟಿ, ಚೀನಾದಿಂದ ಕಾರು ತರಿಸಿ 'ಊಮ್ ಸಂಗ್' ಎಂಬ ತಮ್ಮದೇ ಹೆಸರಿನಲ್ಲಿ ಮಾರಿಯೂ ಆಗಿತ್ತು.